ಗೋಳಿಮರವೂ ನಮ್ಮ ಮನೆಯ ಒಳಚರಂಡಿಯೂ

ಫೆಬ್ರವರಿಯ ಒಂದು ಬೆಳಿಗ್ಗೆ, ಮಂಗಳೂರಿನ ಬಿಜೈಯ ನಮ್ಮ ಮನೆಯಲ್ಲಿ ವಾಷಿಂಗ್ ಮೆಷಿನ್ ನೀರು ಹೊರಬಿಟ್ಟ ಕೂಡಲೇ ಬಚ್ಚಲಿನ ಜಾಲರಿಯೊಳಗೆ ಗುಳುಗುಳು ಸದ್ದಾಗಿ, ಸಾಬೂನಿನ ನೊರೆಯೊಡನೆ ಕೊಳಚೆ ನೀರು ಮೇಲೇರಿತು. ಮಳೆಗಾಲವಾಗಿದ್ದರೆ ರಸ್ತೆಯ ಮ್ಯಾನ್‌ಹೋಲ್ ಉಕ್ಕಿರಬೇಕೆಂದು ತಿಳಿದು ಸುಮ್ಮನಾಗುತ್ತಿದ್ದೆವೋ ಏನೋ. ಆದರೆ ಅಂಗಳದ ಚೇಂಬರ್ ಅಂಚಿನವರೆಗೆ ತುಂಬಿತ್ತು, ರಸ್ತೆಯ ಮ್ಯಾನ್‌ಹೋಲಿನಲ್ಲಿ ನೀರು ಸರಾಗವಾಗಿ ಹರಿಯುತ್ತಿತ್ತು. ತಡೆ ಇದ್ದದ್ದು ಇವೆರಡರ ನಡುವಿನ 30 ಅಡಿಯಲ್ಲಿ, ಗೇಟಿನ ಹೊರಗಿನ ಗೋಳಿಮರದ ಪಕ್ಕದಲ್ಲಿ.

ಪ್ಲಂಬರ್ ಸರಳು ತೂರಿಸಿ ಎಳೆದಾಗ ಹೊರಬಂದದ್ದು ಹೆಣೆದ ಜಡೆಯಂತಹ, ಮೊಳದುದ್ದದ ಬೇರಿನ ಸಿಂಬೆ. ತುದಿಯಲ್ಲಿ ಕೂದಲಿನಷ್ಟು ಸಣ್ಣ ಬಿಳಿ ಎಳೆಗಳು. ಅವುಗಳ ನಡುವೆ ಹೆಪ್ಪುಗಟ್ಟಿದ ಎಣ್ಣೆ, ಕುಚ್ಚಲಕ್ಕಿಯ ಅಗುಳು, ತೆಂಗಿನಕಾಯಿಯ ತುರಿ. ಪಕ್ಕದ ಮನೆಯವರು ನೋಡಿ, "ಈ ಮರ ತೆಗೆಸಿಬಿಡಿ ಮಾರಾಯ್ರೇ" ಎಂದರು.

ಬೇರು ಗಟ್ಟಿಯಾದ ಪೈಪನ್ನು ಕೊರೆದು ಒಳನುಗ್ಗುವುದಿಲ್ಲ. ನಮ್ಮದು ತಂದೆಯವರ ಕಾಲದ, ಎರಡೆರಡು ಅಡಿಯ ಸ್ಟೋನ್‌ವೇರ್ (ಸುಟ್ಟ ಜೇಡಿಮಣ್ಣಿನ) ತುಂಡುಗಳನ್ನು ಸಿಮೆಂಟಿನಿಂದ ಜೋಡಿಸಿದ ಸಾಲು. 30 ಅಡಿಗೆ 14 ಜಾಯಿಂಟುಗಳು. ಸಿಮೆಂಟು ಬಿರಿದಲ್ಲೆಲ್ಲ ತೇವ ಒಸರುತ್ತದೆ, ಡಿಸೆಂಬರಿನಿಂದ ಮೇವರೆಗೆ ಬಾಯಾರಿದ ಮರಕ್ಕೆ ಅಷ್ಟೇ ಸಾಕು. ಅಗೆದಾಗ ಕಂಡದ್ದು ಇನ್ನೂ ಸ್ವಾರಸ್ಯಕರವಾಗಿತ್ತು: ಅಕ್ಕಪಕ್ಕದ ಗಟ್ಟಿ ಮುರಕಲ್ಲಿನ (ಜಂಬಿಟ್ಟಿಗೆಯ) ಗೋಜಿಗೇ ಹೋಗದ ಬೇರುಗಳು, ಹಿಂದೆ ಪೈಪು ಹಾಕಿದ ಮೇಲೆ ಸಡಿಲ ಮಣ್ಣು ತುಂಬಿದ್ದ ಅದೇ ಕಣಿಯನ್ನು ಹಿಡಿದು, ನಾವೇ ತೋಡಿಕೊಟ್ಟ ದಾರಿಯಲ್ಲಿ ಸಾಗಿ ಬಂದಿದ್ದವು.

ಆದರೆ ಅಗೆಯುವ ತೀರ್ಮಾನಕ್ಕೆ ಬರಲು ನನಗೆ ಇನ್ನೆರಡು ತಿಂಗಳು ಬೇಕಾಯಿತು. ಕತ್ತರಿಸಿದ ಬೇರು ಚಿಗುರಿ ಏಪ್ರಿಲಿನಲ್ಲಿ ಮತ್ತೆ ತಡೆಯಾಯಿತು. ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ ತಯಾರಿಸಲು ಬಳಸುವ ಮೈಲುತುತ್ತನ್ನೇ (ತಾಮ್ರದ ಸಲ್ಫೇಟ್) ಸುರಿದರೆ ಬೇರು ಸಾಯುತ್ತದೆಂದು ಊರಿನ ಭಾವ ಹೇಳಿದರು. ಸಾಯುವುದು ನಿಜ, ಆದರೆ ಬಿರುಕಿನಿಂದ ಒಸರಿದ ತಾಮ್ರ ತೂತುತೂತಾದ ಮುರಕಲ್ಲಿನ ಮೂಲಕ ಬಾವಿಯ ಕಡೆಗೆ ಹೋಗುವುದಿಲ್ಲವೆಂದು ಹೇಳುವವರು ಯಾರು? ಅದಕ್ಕಿಂತ ಹೆಚ್ಚಾಗಿ, ಇಷ್ಟು ವರ್ಷ ಅದೇ ಬಿರುಕಿನಿಂದ ಒಸರುತ್ತಿದ್ದದ್ದೇನೆಂಬ ಯೋಚನೆ ಬಂದಾಗ ನನ್ನ ಚಿಂತೆ ಮರದಿಂದ ಬಾವಿಗೆ ತಿರುಗಿತು.

ಮರ ಕಡಿಸುವುದಕ್ಕೆ 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆಯಡಿ ವೃಕ್ಷಾಧಿಕಾರಿಯ ಅನುಮತಿ ಬೇಕು. ಅನುಮತಿ ಸಿಕ್ಕರೂ ಬಿರಿದ ಜಾಯಿಂಟುಗಳು ಹಾಗೆಯೇ ಉಳಿಯುತ್ತಿದ್ದವು.

ಕೊನೆಗೆ ಹಳೆಯ ಸಾಲನ್ನೇ ತೆಗೆಸಿ, 110 ಮಿ.ಮೀ. ಪಿವಿಸಿ ಪೈಪು ಹಾಕಿಸಿದೆವು: 6 ಮೀಟರಿನದೊಂದು, 3 ಮೀಟರಿನದೊಂದು, ನಡುವೆ ರಬ್ಬರ್ ರಿಂಗಿನ ಒಂದೇ ಜಾಯಿಂಟು. 40 ಅಡಿಗೆ ಒಂದು ಅಡಿಯ ಇಳಿಜಾರಿನಂತೆ ಒಟ್ಟು ಒಂಬತ್ತು ಇಂಚು ಇಳಿಸಬೇಕಿತ್ತು. ದಾರಿಗೆ ಅಡ್ಡವಾಗಿ ತೋಳಿನಷ್ಟು ದಪ್ಪದ ಬೇರೊಂದು ಸಿಕ್ಕಿತು. ಅದನ್ನು ಕಡಿದರೆ ಜೂನಿನ ಗಾಳಿಗೆ ಮರ ರಸ್ತೆಗೋ ನಮ್ಮ ಮಾಡಿಗೋ ಒರಗೀತೆಂದು, ಅದರ ಕೆಳಗಿನಿಂದಲೇ ಪೈಪು ನುಸುಳಿಸುವುದಕ್ಕೆ ಕೆಲಸದವರಿಗೆ ಒಂದು ದಿನ ಹೆಚ್ಚು ಹಿಡಿಯಿತು.

ಈಗ ಪ್ರತಿ ಜನವರಿಯಲ್ಲಿ ಚೇಂಬರಿನ ಮುಚ್ಚಳ ತೆಗೆದು ಟಾರ್ಚು ಹಾಕಿ ನೋಡುತ್ತೇನೆ. ಈ ಬಾರಿ ಪೈಪು ಸ್ವಚ್ಛವಾಗಿದೆ, ಆದರೆ ಚೇಂಬರಿನ ಹಳೆಯ ಗೋಡೆಯ ಸಂದಿನಿಂದ ಎರಡು ಬಿಳಿ ಎಳೆಗಳು ಇಣುಕಿವೆ. ಗಾರೆಯವರಿಗೆ ಹೇಳಿಟ್ಟಿದ್ದೇನೆ.