ಮಿಕ್ಸರ್‌ನಿಂದ ಕ್ಯಾಮೆರಾಗೆ: ನಡುವೆ ಒಂದು ಪ್ಯಾಡ್

ಹಾಸನಾಂಬ ಕಲಾಕ್ಷೇತ್ರವಿರಲಿ, ಹಾಸನದ ಮದುವೆ ಛತ್ರವಿರಲಿ, ಮಿಕ್ಸರ್‌ನ ಲೈನ್ ಔಟ್ ಅನ್ನು ನೇರ ಕ್ಯಾಮೆರಾದ ಮೈಕ್ ಇನ್‌ಪುಟ್‌ಗೆ ಕೊಟ್ಟರೆ ದನಿ ಒಡೆಯುತ್ತದೆ. ಲೈನ್ ಮಟ್ಟ ಸುಮಾರು 1.23 ವೋಲ್ಟ್, ಮೈಕ್‌ನದು ಕೆಲವೇ ಮಿಲಿವೋಲ್ಟ್. ಕ್ಯಾಮೆರಾದೊಳಗಿನ ಆಂಪ್ಲಿಫೈಯರ್‌ನ ಮೊದಲ ಹಂತದಲ್ಲೇ ಒಡೆದ ದನಿ, ರೆಕಾರ್ಡಿಂಗ್ ಲೆವೆಲ್ ಎಷ್ಟು ಇಳಿಸಿದರೂ ಸರಿಹೋಗದು.

ಇದಕ್ಕೆ ಪರಿಹಾರ ನಡುವೆ ಒಂದು ಪ್ಯಾಡ್, ಅಂದರೆ ಸಿಗ್ನಲ್ ತಗ್ಗಿಸುವ ರೆಸಿಸ್ಟರ್ ಜೋಡಣೆ. 40 ಡೆಸಿಬೆಲ್ ಪ್ಯಾಡ್ ವೋಲ್ಟೇಜನ್ನು ನೂರರಲ್ಲಿ ಒಂದಕ್ಕಿಳಿಸುತ್ತದೆ. ಎಕ್ಸ್‌ಎಲ್‌ಆರ್ (ಮೂರು ಪಿನ್‌ನ ಆಡಿಯೊ ಕನೆಕ್ಟರ್) ಆದರೆ ನೀವೇ ಬೆಸುಗೆ ಹಾಕಬಹುದು: 2 ಮತ್ತು 3ನೇ ಪಿನ್ ದಾರಿಯಲ್ಲಿ ತಲಾ 4.7 ಕಿಲೋಓಮ್, ಕ್ಯಾಮೆರಾ ಬದಿಯಲ್ಲಿ ಆ ಎರಡರ ನಡುವೆ 100 ಓಮ್, 1ನೇ ಪಿನ್ ನೇರ. ಶೇ. 1ರ ಮೆಟಲ್ ಫಿಲ್ಮ್ ರೆಸಿಸ್ಟರನ್ನೇ ಹಾಕಿ. ಎರಡು 4.7 ಹೊಂದದಿದ್ದರೆ ‘ಗುಂಯ್’ ಸದ್ದು ನುಸುಳುತ್ತದೆ. ಎರಡು ರೂಪಾಯಿ ಉಳಿಸುವ ಜಾಗವಲ್ಲ ಇದು.

ಪ್ಯಾಡ್ ಕ್ಯಾಮೆರಾ ತುದಿಯಲ್ಲೇ ಇರಲಿ, ಉದ್ದ ಕೇಬಲ್ ಹಿಡಿದ ಗದ್ದಲವೂ ಅಲ್ಲೇ ತಗ್ಗುತ್ತದೆ. ಕ್ಯಾಮೆರಾ ಮೈಕ್‌ಗೆ ಕಳಿಸುವ 48 ವೋಲ್ಟ್ ವಿದ್ಯುತ್ತನ್ನು (ಫ್ಯಾಂಟಮ್) ಆಫ್ ಮಾಡಿಯೇ ಜೋಡಿಸಿ.