ಗುದ್ದಿದರೆ ಕೈ ನೋಯದ ಮರ

2 ನವೆಂಬರ್ 2024, ಶನಿವಾರ

ಬೆಳಿಗ್ಗೆ ಮಗಳನ್ನು ಕರೆದುಕೊಂಡು ಫಿಂಚಮ್‌ಸ್ಟೆಡ್‌ಗೆ ಹೋಗಿದ್ದೆ. ಇಂಗ್ಲೆಂಡಿನ ಬರ್ಕ್‌ಶೈರ್‌ನ ಈ ಊರಿನ ರಸ್ತೆಯೊಂದರ ಇಕ್ಕೆಲದಲ್ಲೂ ವೆಲಿಂಗ್ಟೋನಿಯಾ, ಅಂದರೆ ಕ್ಯಾಲಿಫೋರ್ನಿಯಾ ಮೂಲದ ದೈತ್ಯ ಸಿಕ್ವೋಯಾ ಮರಗಳು ಸಾಲಾಗಿ ನಿಂತಿವೆ. 1869ರಲ್ಲಿ ನೆಡಿಸಿದ್ದು ಟೈಮ್ಸ್ ಪತ್ರಿಕೆಯ ಒಡೆಯ ಜಾನ್ ವಾಲ್ಟರ್. ಕತ್ತೆತ್ತಿ ಎತ್ತಿ ಕುತ್ತಿಗೆ ನೋವು ಬಂತು.

"ಒಂದು ಗುದ್ದು ಕೊಟ್ಟು ನೋಡು" ಎಂದೆ. ಅಳುಕುತ್ತಲೇ ಗುದ್ದಿದಳು. "ಅಪ್ಪಾ, ನೋಯುವುದೇ ಇಲ್ಲ!" ಕೆಂಗಂದು ತೊಗಟೆ ತೆಂಗಿನ ಸಿಪ್ಪೆಯ ಹಾಗೆ ನಾರುನಾರು, ಮೆತ್ತಗೆ. ಒಂದು ಮರದಲ್ಲಿ ಎದೆಯೆತ್ತರಕ್ಕೆ ಅರ್ಧ ಮೊಟ್ಟೆ ಹಿಡಿಸುವಷ್ಟು ಗುಳಿ, ಅದರ ಕೆಳಗೆ ಹಿಕ್ಕೆಯ ಬಿಳಿ ಗೆರೆ. ಟ್ರೀಕ್ರೀಪರ್ ಎಂಬ ಪುಟ್ಟ ಹಕ್ಕಿ ಇಂಥ ಗುಳಿಗೆ ಮೈ ಒತ್ತಿಕೊಂಡು ರಾತ್ರಿ ಕಳೆಯುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಕಾಳ್ಗಿಚ್ಚಿನಿಂದ ಮರವನ್ನು ಕಾಯುವ ತೊಗಟೆ ಇಲ್ಲಿ ಹಕ್ಕಿಗೆ ಹಾಸಿಗೆ.

ಈ ಮರದ ಬೀಜವನ್ನು ಇಂಗ್ಲೆಂಡಿಗೆ ಹೊತ್ತು ತಂದ ವಿಲಿಯಂ ಲಾಬ್ ಎಕ್ಸಿಟರ್‌ನ ವೀಚ್ ನರ್ಸರಿಯ ಸಸ್ಯ ಸಂಗ್ರಾಹಕ. 1840ರ ದಶಕದಲ್ಲಿ ಚಿಲಿಯಿಂದ ಮಂಕಿ ಪಜಲ್ ಮರದ ಬೀಜಗಳನ್ನು ರಾಶಿಗಟ್ಟಲೆ ಕಳುಹಿಸಿದವನು ಇವನೇ. (ಲಾಲ್‌ಬಾಗ್‌ನ ಅರೋಕೇರಿಯಾಗಳು ಅದರ ದಾಯಾದಿಗಳು.) 1853ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿದ್ದಾಗ ಈ ದೈತ್ಯ ಮರಗಳ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಕಾಲಾವೆರಾಸ್ ತೋಪಿಗೆ ಓಡಿದ, ಬೀಜ ಕಟ್ಟಿಕೊಂಡು ಡಿಸೆಂಬರ್ ಹೊತ್ತಿಗೆ ಎಕ್ಸಿಟರ್ ಸೇರಿದ. ಬೇರೆ ನರ್ಸರಿಯವರು ಮೊದಲೇ ಮಾರಿಬಿಟ್ಟರೆ ಎಂಬ ಆತಂಕ! ವೀಚ್ ಒಂದು ಸಸಿಗೆ ಇಟ್ಟ ಬೆಲೆ ಎರಡು ಗಿನಿ. ಹೊಲದ ಕೂಲಿಯವನ ಹೆಚ್ಚು ಕಡಿಮೆ ಒಂದು ತಿಂಗಳ ದುಡಿಮೆ ಅದು. ಆದರೂ ಶ್ರೀಮಂತರು ಮುಗಿಬಿದ್ದು ಕೊಂಡರು.

ಹೆಸರಿನ ವಿಷಯಕ್ಕೆ ಬಂದರೆ ನನಗೆ ಈಗಲೂ ಸಂಕಟವಾಗುತ್ತದೆ. ಸಸ್ಯವಿಜ್ಞಾನಿ ಜಾನ್ ಲಿಂಡ್ಲಿ ಹಿಂದಿನ ವರ್ಷವಷ್ಟೇ ತೀರಿಕೊಂಡಿದ್ದ ಸೇನಾನಿ ವೆಲಿಂಗ್ಟನ್ ಡ್ಯೂಕನ ಹೆಸರಿಟ್ಟ. ಡ್ಯೂಕ್ ಈ ಮರವನ್ನು ಕಂಡವನೇ ಅಲ್ಲ. ಬೀಜ ಹೊತ್ತು ತಂದ ಲಾಬ್ ಮರುವರ್ಷ ಮತ್ತೆ ಕ್ಯಾಲಿಫೋರ್ನಿಯಾಕ್ಕೆ ಹೋದ, 1864ರಲ್ಲಿ ಅಲ್ಲಿಯೇ ತೀರಿಕೊಂಡ. ಈ ಸಾಲು ನೆಡುವುದಕ್ಕೆ ಇನ್ನೂ ಐದು ವರ್ಷವಿತ್ತು. ಮಗಳಿಗೆ ಎರಡು ಸಲ ಹೇಳಿಸಿದೆ: ಲಾಬ್, ವಿಲಿಯಂ ಲಾಬ್.

ಅವಳು ಕೋಟಿನ ಜೇಬಿನಲ್ಲಿ ಕೋಳಿಮೊಟ್ಟೆ ಗಾತ್ರದ ಕಾಯೊಂದನ್ನು ತಂದಿದ್ದಳು. ಹೀಟರಿನ ಮೇಲೆ ಇಟ್ಟೆವು. ರಾತ್ರಿ ಊಟದ ಹೊತ್ತಿಗೆ ಅದು ಸ್ವಲ್ಪ ಬಾಯಿಬಿಟ್ಟಿತ್ತು. ಕೆಳಗಿನ ಕಾಗದದ ಮೇಲೆ ನಾಲ್ಕು ಬೀಜಗಳು: ಅವಲಕ್ಕಿಯಂತೆ ಚಪ್ಪಟೆ, ಎರಡೂ ಕಡೆ ತೆಳ್ಳನೆಯ ರೆಕ್ಕೆ. ಉಸಿರು ತಾಗಿದರೆ ಹಾರಿಹೋಗುತ್ತವೆ ಎಂದು ಅವುಗಳ ಮೇಲೆ ಗಾಜಿನ ಲೋಟ ಬೋರಲು ಹಾಕಿ ಮಲಗಿದ್ದಾಳೆ.