ಅಡಿಕೆ ಹಾಳೆ ಹಿಡಿದು ಕಾರವಾರದ ಮರಳಿಗೆ

ಮೊದಲೇ ಹೇಳಿಬಿಡುತ್ತೇನೆ. ಸ್ಯಾಂಡ್‌ಬೋರ್ಡಿಂಗ್ ವಿಡಿಯೋಗಳಲ್ಲಿ ಕಾಣುವ ಹಾಗೆ ಗುಡ್ಡದಷ್ಟು ಎತ್ತರದ ಮರಳಿನಿಂದ ಬೋರ್ಡ್ ಮೇಲೆ ನಿಂತು ಜಾರುವ ಆಸೆ ಇದ್ದರೆ ಪೆರು, ಚಿಲಿ, ನಮೀಬಿಯಾ ಕಡೆ ಟಿಕೆಟ್ ನೋಡಿ. ನಮ್ಮ ಕರಾವಳಿಯ ದಿಬ್ಬ ಅಂದರೆ ಒಂದಾಳು, ಹೆಚ್ಚೆಂದರೆ ಎರಡಾಳು ಎತ್ತರ. ಜಾರಿದರೆ ನಾಲ್ಕೈದು ಸೆಕೆಂಡಿನಲ್ಲಿ ಮುಗಿಯಿತು. ಆದರೂ ನಾನು ಒಂದಿಡೀ ಬೆಳಗ್ಗೆ ಅದನ್ನೇ ಮಾಡಿದೆ.

ಜನವರಿಯಲ್ಲಿ ಶಿರಸಿ ಹತ್ತಿರದ ಒಂದು ತೋಟದ ಮನೆಯ ಹೋಂಸ್ಟೇಯಲ್ಲಿ ನಾಲ್ಕು ದಿನ ಉಳಿದಿದ್ದೆ. ಆ ಮನೆಯ ಹುಡುಗ ಪಿಯುಸಿ ಓದುತ್ತಾನೆ, ಎರಡನೇ ದಿನಕ್ಕೇ ನನಗೆ ಅಕ್ಕ ಅಂತ ಕರೆಯಲು ಶುರು ಮಾಡಿದ್ದ. ಸ್ಯಾಂಡ್‌ಬೋರ್ಡಿಂಗ್ ವಿಡಿಯೋ ತೋರಿಸಿದರೆ ನಕ್ಕುಬಿಟ್ಟ. "ಇದು ನಾವು ಹಾಳೆ ಮೇಲೆ ಕೂತು ಮಾಡೋದೇ ಅಲ್ವಾ?"

ಹಾಳೆ ಅಂದರೆ ಅಡಿಕೆ ಸೋಗೆಯ ಬುಡದ ಅಗಲ ಪೊರೆ, ಅದನ್ನು ಆರಿಸುವುದೇ ಒಂದು ಕೆಲಸ. ಪೂರ್ತಿ ಒಣಗಿದ್ದು ಕೂತ ಕೂಡಲೇ ಸೀಳುತ್ತದೆ. ಒಂದೆರಡು ದಿನದ ಹಿಂದೆ ಬಿದ್ದ, ಅಗಲವಾದ, ಸೋಗೆಯ ದಂಟು ಗಟ್ಟಿ ಇರುವ ಹಾಳೆ ಬೇಕು. ಅವನು ನಾಲ್ಕು ಹಾಳೆ ಆರಿಸಿ, ನೀರು ಚಿಮುಕಿಸಿ, ರಾತ್ರಿ ಗೋಣಿಚೀಲದ ಕೆಳಗೆ ಇಟ್ಟ. ಬೆಳಗ್ಗೆ ತಳ ಒರೆಸಿ ಮೇಣದಬತ್ತಿ ತಿಕ್ಕಿದ. ವಿದೇಶದಲ್ಲೂ ಬೋರ್ಡಿನ ತಳಕ್ಕೆ ಮೇಣವನ್ನೇ ಹಚ್ಚುತ್ತಾರೆ, ಇದನ್ನು ನಾನೇ ಹೇಳಿಕೊಟ್ಟದ್ದು. ಅಷ್ಟಾದರೂ ನನ್ನ ಪಾಲಿಗಿರಲಿ.

ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾ, ಅಂಕೋಲಾ ಮೇಲೆ ಕಾರವಾರಕ್ಕೆ ಮೂರು ಗಂಟೆ ಇಟ್ಟುಕೊಳ್ಳಿ. ಬಸ್ಸಿನಲ್ಲಾದರೆ ಇನ್ನೂ ಜಾಸ್ತಿ. ನಾವು ನಾಲ್ಕೂವರೆಗೆ ಹೊರಟೆವು, ಇಷ್ಟು ಬೇಗ ಯಾಕೆ ಅಂತ ಗೊಣಗಿದ್ದು ನಾನೇ. ಹನ್ನೊಂದಾದ ಮೇಲೆ ಮರಳು ಬಾಣಲೆ ಆಗುತ್ತದೆ, ಆಗ ಗೊಣಗಿದ್ದಕ್ಕೆ ನಾಚಿಕೆಯಾಯಿತು.

ಕಾಳಿ ಹೊಳೆ ದಾಟಿ ಸದಾಶಿವಗಡದಿಂದ ಎಡಕ್ಕೆ ದೇವಬಾಗದ ಕಡೆ ಹೋದೆವು. ಹಳೆ ಸೇತುವೆ 2024ರ ಆಗಸ್ಟ್ 7ರ ನಸುಕಿನಲ್ಲಿ ಕುಸಿದು ಬಿತ್ತಲ್ಲ, ಈಗ ಓಡಾಟ ಪಕ್ಕದ ಸೇತುವೆ ಮೇಲೆ. ಗಾಳಿ ಮರದ ತೋಪಿನ ಮುಂದೆ ಮಳೆಗಾಲದ ಅಲೆ ಕೊರೆದು ಬಿಟ್ಟ ಮರಳಿನ ಇಳಿಜಾರು ಸಿಕ್ಕಿತು. ಆದರೆ ಎಲ್ಲ ಕಡೆ ಜಾರುವ ಹಾಗಿಲ್ಲ. ನೇರಳೆ ಹೂವಿನ ಅಡಂಬು ಬಳ್ಳಿ, ಚುಚ್ಚುವ ರಾವಣನ ಮೀಸೆ ಹುಲ್ಲು ಹಬ್ಬಿದ ಕಡೆ ಕಾಲಿಡಬೇಡಿ. ಮರಳನ್ನು ಹಿಡಿದಿಟ್ಟಿರುವುದೇ ಅವು, ಬೇರು ಕಿತ್ತರೆ ಮುಂದಿನ ಮಳೆಗೆ ದಿಬ್ಬವೇ ಇರುವುದಿಲ್ಲ. ಜೊತೆಗೆ ಚಳಿಗಾಲ ಕಡಲಾಮೆ ಮೊಟ್ಟೆ ಇಡುವ ಸಮಯ. ಬಲೆ ಕಟ್ಟಿದ ಜಾಗ ಕಂಡರೆ ದೂರ ಹೋಗಿ. ನಾವು ಬಳ್ಳಿ ಇಲ್ಲದ ಬೋಳು ಜಾಗ ಹುಡುಕಲು ಅರ್ಧ ಗಂಟೆ ನಡೆದೆವು.

ಮೊದಲ ಸಲ ನಾನು ಮುಂದಕ್ಕೆ ಬಾಗಿ ಕೂತೆ. ಹಾಳೆಯ ಮೂತಿ ಮರಳಿಗೆ ಹೊಕ್ಕಿತು, ನಾನು ಅದರ ಮೇಲಿಂದ ಹಾರಿ ಬಾಯಿ ತುಂಬ ಮರಳು. ಅವನು ಬಿದ್ದು ಬಿದ್ದು ನಕ್ಕು, ಆಮೇಲೆ ಹೇಳಿಕೊಟ್ಟ: ದಂಟು ಮುಂದಿರಲಿ, ಎರಡೂ ಕೈಯಲ್ಲಿ ಅದನ್ನು ಮೇಲಕ್ಕೆ ಎಳೆದು ಹಿಡಿ, ಮೈ ಹಿಂದಕ್ಕೆ ಒರಗಲಿ, ಕಾಲು ಹಾಳೆಯೊಳಗೇ ಇರಲಿ. ಎರಡನೇ ಸಲ ಸರ್ರನೆ ಇಳಿದೆ! ಅವನು "ಅಡ್ಡಿಲ್ಲೆ" ಅಂದ. ಶಿರಸಿ ಕಡೆ ಇದಕ್ಕಿಂತ ದೊಡ್ಡ ಹೊಗಳಿಕೆ ಸಿಗುವುದು ಕಷ್ಟ. ಇಬ್ಬನಿ ಆರುವ ತನಕ ಮರಳು ಅಂಟುತ್ತದೆ, ಒಂಬತ್ತರ ಸುಮಾರಿಗೆ ಚೆನ್ನಾಗಿ ಜಾರುತ್ತದೆ. ಪ್ರತಿ ಸಲ ಮೇಲೆ ಹತ್ತುವುದೇ ಸುಸ್ತು, ಎರಡು ಹೆಜ್ಜೆ ಇಟ್ಟರೆ ಒಂದು ಹೆಜ್ಜೆ ಕೆಳಗೆ. ಐದನೇ ಸಲಕ್ಕೆ ನನ್ನ ಹಾಳೆ ನಡುವೆ ಸೀಳಿ ತೊಡೆ ತರಚಿತು. ದಪ್ಪ ಪ್ಯಾಂಟ್ ಹಾಕಿ, ಶಾರ್ಟ್ಸ್ ಬೇಡ. ಫೋನ್ ಜಿಪ್ ಕವರಿನಲ್ಲಿ ಇಡಿ. ನನ್ನದರ ಚಾರ್ಜಿಂಗ್ ತೂತಿನಲ್ಲಿ ಮರಳು ಹೊಕ್ಕು ಎರಡು ದಿನ ಕಾಡಿತು. ಕಾಳಿ ಸಮುದ್ರ ಸೇರುವ ಕಡೆ ಸೆಳೆತ ಜೋರು, ಮೈ ತೊಳೆಯಲು ಅಂತ ಅಲ್ಲಿ ನೀರಿಗೆ ಇಳಿಯಬೇಡಿ.

ಹುಡುಗನ ಅಮ್ಮ ಕಟ್ಟಿಕೊಟ್ಟ ತೆಳ್ಳೇವು (ತೆಳು ದೋಸೆ), ಮುರುಗಲ (ಕೋಕಂ) ಪಾನಕ ಗಾಳಿ ಮರದ ನೆರಳಲ್ಲಿ ಮುಗಿಯಿತು. ಗರಿಗರಿ ಸಿಹಿ ತೊಡದೇವು ಮಾತ್ರ ಕಾರಿನಲ್ಲೇ ಪುಡಿ ಪುಡಿ. ಮಧ್ಯಾಹ್ನ ಪೇಟೆಗೆ ಬಂದು ಟ್ಯಾಗೋರ್ ಬೀಚಿನಲ್ಲಿ ಮ್ಯೂಸಿಯಂ ಮಾಡಿಟ್ಟಿರುವ ಚಾಪಲ್ ಯುದ್ಧನೌಕೆ ನೋಡಿದೆವು, ಒಳಗೆ ಸೆಕೆ. ಸಮಯ ಇದ್ದರೆ ಅದರ ಬದಲು ಮಾಜಾಳಿಯಿಂದ ಗುಡ್ಡ ದಾಟಿ ತಿಳಮಾತಿ ಬೀಚಿಗೆ ನಡೆಯಿರಿ, ಎಳ್ಳಿನ ಹಾಗೆ ಕಪ್ಪು ಮರಳು. ನಮಗೆ ಕತ್ತಲಾಗುವ ಮೊದಲು ಘಟ್ಟ ಹತ್ತಬೇಕಿತ್ತು.

ಮನೆಗೆ ಬಂದಾಗ ಅಮ್ಮ ಇಬ್ಬರನ್ನೂ ಒಳಗೆ ಬಿಡಲಿಲ್ಲ, ಸೀದಾ ಬಚ್ಚಲಿಗೆ. ಉಳಿದ ಒಂದು ಹಾಳೆಯನ್ನು ಅವನು ಕೊಟ್ಟಿಗೆಯ ಮಾಡಿಗೆ ಸಿಕ್ಕಿಸಿಟ್ಟ. ಅದು ಒಣಗಿ ಸೀಳುತ್ತದೆ ಅಂತ ಇಬ್ಬರಿಗೂ ಗೊತ್ತಿತ್ತು.